ಕಂಪ್ಯೂಟರಿನ ಹೊಟ್ಟೆಯೊಳಗಿನ ಕಂಪ್ಯೂಟರು, ಸೀತಕ್ಕನ ಗಂಟಲು

ಮೊದಲೇ ಹೇಳಿಬಿಡುತ್ತೇನೆ. ನನಗೆ ಎಷ್ಟು ಸಲ ಬಡ್ತಿ ಸಿಕ್ಕಿತು, ನಿವೃತ್ತಿಯ ದಿನ ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇಲ್ಲಿ ಸಿಗುವುದಿಲ್ಲ. ಶಾಲು ಮನೆಯಲ್ಲಿದೆ, ಬೆಕ್ಕು ಅದರ ಮೇಲೆ ಮಲಗುತ್ತದೆ. ಕಂಪ್ಯೂಟರ್ ನೋಡಿಕೊಳ್ಳುವ ಕೆಲಸಕ್ಕೆ ಈಗ ಹೊಸದಾಗಿ ಸೇರುತ್ತಿರುವ ಹುಡುಗ ಹುಡುಗಿಯರಿಗೆ ಆ ಕೆಲಸ ನಿಜಕ್ಕೂ ಹೇಗಿರುತ್ತದೆಂದು ಯಾರಾದರೂ ಹೇಳಬೇಕಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಕಾಲೇಜಿನಲ್ಲಿ ನಿಮಗೆ ಎಲ್ಲವನ್ನೂ ಕಲಿಸುತ್ತಾರೆ. ಕಾಫಿ ಕಣದ ಮಧ್ಯೆ ಮಾನಿಟರಿಗೆ ಕೊಡೆ ಹಿಡಿದು ನಿಲ್ಲುವುದು ಹೇಗೆಂದು ಮಾತ್ರ ಕಲಿಸುವುದಿಲ್ಲ.

ನಾನು ಗಿರಿಜಾ. ನಮ್ಮಜ್ಜ ಹಾಸನದ ಕಡೆಯಿಂದ ಬಂದು ಕುಶಾಲನಗರದ ಪಕ್ಕದಲ್ಲಿ ಭತ್ತ, ಶುಂಠಿ ಬೆಳೆದವರು. ನಾನು ಟೈಪಿಂಗ್ ಕಲಿತು ಬೆಳೆಗಾರರ ಸಹಕಾರ ಸಂಘವೊಂದಕ್ಕೆ ಟೈಪಿಸ್ಟಾಗಿ ಸೇರಿದೆ. ಸಂಘದ ದೊಡ್ಡ ಆಫೀಸು ಕುಶಾಲನಗರದಲ್ಲಿ, ಕಾಫಿ ಕೊಳ್ಳುವ ಕೇಂದ್ರ ಮಾದಾಪುರದಲ್ಲಿ. ನನ್ನನ್ನು ಮಾದಾಪುರಕ್ಕೆ ಹಾಕಿದ್ದರು. ಒಂದು ದಿನ ಅಲ್ಲಿಗೆ ಕಂಪ್ಯೂಟರ್ ಬಂತು. ಎಲ್ಲರೂ ದೂರ ನಿಂತು ನೋಡಿದರು. ‘ನಿಂಗೆ ಟೈಪ್ ಬರ್ತದಲ್ಲ, ನೀನೇ ಇದನ್ನ ನೋಡ್ಕೋ’ ಎಂದರು ನಮ್ಮ ಮ್ಯಾನೇಜರ್ ಬೋಪಯ್ಯ ಸಾರ್. ಅಲ್ಲಿಂದ ಹಿಡಿದು ಕೊನೆಯವರೆಗೂ ನಾನೇ ನೋಡಿಕೊಂಡೆ.

ಬೋಪಯ್ಯ ಸಾರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಎತ್ತರದ ಆಳು, ದೊಡ್ಡ ಮೀಸೆ, ಸಣ್ಣ ಮಗುವಿನ ಕುತೂಹಲ. ಕೈಲ್ ಮುಹೂರ್ತದ ದಿನ ಕೋವಿಗೆ ಗಂಧ ಹಚ್ಚಿ, ನಳಿಗೆಗೆ ತೋಕ್ ಎಂಬ ಕಾಡುಹೂ ಸಿಕ್ಕಿಸಿ ಪೂಜೆ ಮಾಡುವುದು ಕೊಡವರ ಪದ್ಧತಿ. ಕಂಪ್ಯೂಟರ್ ಬಂದ ವರ್ಷ ಸಾರ್ ಮನೆಯ ಪೂಜೆ ಮುಗಿಸಿ ನೇರ ಆಫೀಸಿಗೆ ಬಂದು, ನಾನು ಇಲ್ಲದ ಹೊತ್ತು ನೋಡಿ, ಕಂಪ್ಯೂಟರಿಗೂ ಭಕ್ತಿಯಿಂದ ಗಂಧ ಹಚ್ಚಿದ್ದಾರೆ. ಹೂ ಸಿಕ್ಕಿಸಲು ನಳಿಗೆ ಬೇಕಲ್ಲ? ಹಿಂದೆ ಫ್ಯಾನಿನ ಕಿಂಡಿ ಕಂಡಿದೆ, ಅದರೊಳಗೆ ತುರುಕಿದ್ದಾರೆ. ನಾನು ಬಂದು ಸ್ವಿಚ್ ಹಾಕಿದೆ ನೋಡಿ, ಫ್ಯಾನು ಗರಗರ ತಿರುಗಿ ಹೂವಿನ ಎಸಳು, ಗಂಧ ಎಲ್ಲ ಹಿಂದಿನ ಗೋಡೆಗೆ ಚಿಮ್ಮಿತು. ಸಾರ್ ಕೈ ಮುಗಿದು, ‘ಪ್ರಸಾದ ಕೊಟ್ಟಿತು’ ಎಂದರು. ನಾನು ಬೈಯಬೇಕೆಂದು ಬಾಯಿ ತೆರೆದವಳು ನಕ್ಕು ನಕ್ಕು ಕುರ್ಚಿಯಿಂದ ಜಾರಿದೆ.

ಇಂಥ ಮನುಷ್ಯರ ಕೈಕೆಳಗೆ ಕೆಲಸ ಮಾಡುವಾಗ ಯಂತ್ರಕ್ಕಿಂತ ಹೆಚ್ಚು ಮನುಷ್ಯರನ್ನೇ ರಿಪೇರಿ ಮಾಡಬೇಕಾಗುತ್ತದೆ. ಹೋಗಲಿ, ನಾನು ಹೇಳಬೇಕೆಂದಿರುವುದು ಸೀತಕ್ಕನ ಕಥೆ.

ಸೀತಕ್ಕ ನಮ್ಮ ತೂಕದ ಗುಮಾಸ್ತೆ. ಅರೆಭಾಷೆ ಆಡುವವರು, ಮಾದಾಪುರದಲ್ಲೇ ಮನೆ. ಬೆಳೆಗಾರರು ಕಾಫಿ ಮೂಟೆ ತಂದು ತಕ್ಕಡಿಯ ಹಲಗೆಯ ಮೇಲಿಟ್ಟರೆ ತೂಕ ಕಂಪ್ಯೂಟರಿನ ತೆರೆಯ ಮೇಲೆ ಬರುತ್ತಿತ್ತು. ಸೀತಕ್ಕ ಅದನ್ನು ಓದಿ, ಕಿಟಕಿಯಿಂದ ಹೊರಗೆ ಕೂಗಿ ಹೇಳಿ, ಆಮೇಲೆ ಚೀಟಿ ಕೊಡುತ್ತಿದ್ದರು. ಕೂಗುವುದೆಂದರೆ ಸುಮ್ಮನೆ ಕೂಗುವುದಲ್ಲ. ಮೂಟೆ ಕೊಡವರದಾದರೆ ‘ಅಂಬದ್!’, ತಮಿಳರದಾದರೆ ‘ಐಂಬದ್!’, ತುಳುವರದಾದರೆ ‘ಐವ!’, ನಮ್ಮಂಥವರದಾದರೆ ‘ಐವತ್ತು!’ ಯಾರ ಮೂಟೆಯೋ ಅವರ ಭಾಷೆ. ನಮ್ಮ ಕೇಂದ್ರದಲ್ಲಿ ತೂಕ ಕೂಗಿದ ಮೇಲೆಯೇ ತೂಕ. ಆ ಗಂಟಲೋ, ಅಬ್ಬಬ್ಬಾ! ಆಚೆ ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸು ಒಂದೆರಡು ಸಲ ಯಾರೋ ನಿಲ್ಲಿಸಲು ಹೇಳಿದರೆಂದು ನಿಂತದ್ದುಂಟು.

ನಮ್ಮ ತೂಕದ ಪ್ರೋಗ್ರಾಮ್ ಲಿನಕ್ಸ್ ಎಂಬ ವ್ಯವಸ್ಥೆಯ ಮೇಲೆ ಓಡುವ ಒಂದು ಹಳೆಯ ಯಂತ್ರದಲ್ಲಿತ್ತು. ಬರೆದುಕೊಟ್ಟ ಪುಣ್ಯಾತ್ಮ ಎಲ್ಲಿಗೆ ಹೋದನೋ ಯಾರಿಗೂ ಗೊತ್ತಿಲ್ಲ. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಯಂತ್ರದ ಒಳಗೆಲ್ಲ ಬೂಷ್ಟು ಹಿಡಿದು ಅದು ಪ್ರಾಣ ಬಿಟ್ಟಿತು. ಡಿಸ್ಕ್ ಮಾತ್ರ ಹೇಗೋ ಉಳಿದಿತ್ತು. ಹೊಸ ಕಂಪ್ಯೂಟರ್ ತರಿಸಿ, ಅದರಲ್ಲಿ ವರ್ಚುಯಲ್ ಮೆಷಿನ್ ಒಂದನ್ನು ಮಾಡಿ, ಹಳೆಯ ಡಿಸ್ಕಿನಲ್ಲಿದ್ದುದನ್ನೆಲ್ಲ ಅದರೊಳಗೆ ಇಳಿಸಿದೆ. ಅದನ್ನು ಬೋಪಯ್ಯ ಸಾರ್‌ಗೆ ವಿವರಿಸುವ ಹೊತ್ತಿಗೆ ನನ್ನ ಗಂಟಲು ಒಣಗಿತು.

‘ಹೊಸ ಕಂಪ್ಯೂಟರ್ ಒಳಗೆ ಹಳೇ ಕಂಪ್ಯೂಟರ್ ಇದೆ ಸಾರ್. ಅದು ತಾನೊಂದು ಯಂತ್ರ ಅಂತ ಅಂದ್ಕೊಂಡಿದೆ. ನಿಜಕ್ಕೂ ಯಂತ್ರ ಇಲ್ಲ.’

‘ಇಲ್ಲದ್ದು ಅಂದ್ಕೊಳ್ಳೋದು ಹೇಗೆ ಮಾರಾಯ್ತಿ?’

‘ನೆಂಟ ಅಂದ್ಕೊಳ್ಳಿ. ಈ ಮನೇಲಿ ಬಂದು ಇಳ್ಕೊಂಡಿರೋ ನೆಂಟ.’

‘ಎಷ್ಟು ದಿನ ಇರ್ತಾನೆ?’

‘ಇನ್ನು ಇಲ್ಲೇ ಸಾರ್.’

‘ಹಾಗಾದ್ರೆ ನೆಂಟ ಅಲ್ಲ, ಮನೆ ಅಳಿಯ’ ಎಂದು ತೀರ್ಪು ಕೊಟ್ಟು ಹೋದರು. ಅಂದಿನಿಂದ ಆ ಲಿನಕ್ಸ್‌ಗೆ ಆಫೀಸಿನಲ್ಲಿ ಅಳಿಯ ಎಂದೇ ಹೆಸರು.

ಅಳಿಯನಿಗೆ ಮನೆಯವರ ಜೊತೆ ಹೊಂದಾಣಿಕೆಯೇ ಇರಲಿಲ್ಲ. ಮೌಸಿನ ಬಾಣ ತೆರೆಯ ಮೇಲಿದ್ದ ಅವನ ಕಿಟಕಿಯೊಳಗೆ ಹೋದರೆ ಹೊರಗೆ ಬರುತ್ತಿರಲಿಲ್ಲ. ಕರೆಂಟ್ ಹೋದಾಗ ಮಲಗಿಸಿ ಮತ್ತೆ ಎಬ್ಬಿಸಿದರೆ ಗಡಿಯಾರ ಮಲಗಿದ ಹೊತ್ತಿನಲ್ಲೇ ನಿಂತಿರುತ್ತಿತ್ತು. ಎಲ್ಲಕ್ಕಿಂತ ಕಷ್ಟ ತೆರೆಯದು. ಅಷ್ಟು ದೊಡ್ಡ ಹೊಸ ಮಾನಿಟರಿನ ನಡುವೆ ಅಂಚೆ ಕಾರ್ಡಿನಷ್ಟು ಕಿಟಕಿ, ಅದರಲ್ಲಿ ಸಾಸಿವೆಯಂಥ ಅಕ್ಷರ. ಹಿಗ್ಗಿಸಿದರೆ ಎಲ್ಲ ಮಸುಕು ಮಸುಕು. ಅಕ್ಷರ ದೊಡ್ಡದು ಮಾಡಿದರೆ ಅರ್ಧ ಅಂಕಿ ಕಿಟಕಿಯ ಆಚೆಗೆ. ಸೀತಕ್ಕನ ಕಣ್ಣು ಅಷ್ಟು ಚುರುಕಿರಲಿಲ್ಲ. ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ನೋಡುತ್ತಿದ್ದರು.

‘ಗಿರಿಜಾ, ನಂಗೆ ಎಂಥದೂ ಕಾಣ್ತಿಲ್ಲೆ. ಇದು ಮೂರಾ, ಎಂಟಾ?’

ಒಂದೊಂದು ಮೂಟೆಗೂ ಹೀಗೆ ಆದರೆ ಸಾಲು ಮುಂದೆ ಹೋಗುವುದು ಹೇಗೆ? ಅದು ಕಾಫಿ ಹಣ್ಣಿನ ಪಿಕಿಂಗ್ ಜೋರಾಗಿದ್ದ ಕಾಲ. ಜೀಪುಗಳು ರಸ್ತೆಯವರೆಗೂ ನಿಂತವು. ಅಂಥ ಒಂದು ದಿನವೇ ಜನರಲ್ ಮ್ಯಾನೇಜರ್ ಮೂರ್ತಿ ಸಾಹೇಬರು ಕುಶಾಲನಗರದಿಂದ ಬರಬೇಕೆ? ಮೈಸೂರಿನವರು, ಹೊಸದಾಗಿ ಬಂದವರು, ದೇಹವೂ ಮಾತೂ ಭಾರ. ಸಾಲನ್ನು ನೋಡಿದರು, ಸೀತಕ್ಕ ಬಗ್ಗಿದ್ದನ್ನು ನೋಡಿದರು.

‘ಇವರನ್ನ ಕುಶಾಲನಗರದ ಶುಂಠಿ ಶೆಡ್ಡಿಗೆ ಹಾಕಿ. ಅಲ್ಲಿ ಓದೋ ಕೆಲಸ ಇಲ್ಲ’ ಎಂದರು.

ಶೆಡ್ಡೆಂದರೆ ದಿನವಿಡೀ ನಿಂತು ಶುಂಠಿ ಆರಿಸುವ ಕೆಲಸ, ಮಣ್ಣಿನ ಧೂಳು, ಹೋಗಿ ಬರಲು ಬಸ್ಸು ಬದಲಾಯಿಸುವ ಪಾಡು. ಸೀತಕ್ಕನ ಮಂಡಿ ಮೊದಲೇ ಸರಿಯಿರಲಿಲ್ಲ. ಬೋಪಯ್ಯ ಸಾರ್ ಮೀಸೆ ತಿರುವುತ್ತ, ‘ಸೋಮವಾರದವರೆಗೆ ಟೈಮ್ ಕೊಡಿ ಸಾರ್, ಗಿರಿಜಾ ಸರಿ ಮಾಡ್ತಾಳೆ’ ಎಂದುಬಿಟ್ಟರು. ಸೋಮವಾರ ತಾನೇ ಬಂದು ನೋಡುತ್ತೇನೆ, ಸಾಲು ಓಡದಿದ್ದರೆ ಅವತ್ತೇ ವರ್ಗ ಎಂದು ಹೇಳಿ ಸಾಹೇಬರು ಹೋದರು.

ಸೀತಕ್ಕ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: ‘ಶೆಡ್ಡಿಗೆ ನಾ ಹೋಗೋದಿಲ್ಲೆ ಗಿರಿಜಾ. ಕೆಲಸ ಬಿಟ್ಟು ಮನೇಲಿ ಕೂರ್ತೆ.’ ಆ ಗಂಟಲಿನಿಂದ ಅಷ್ಟು ಮೆತ್ತಗಿನ ಮಾತು ನಾನು ಕೇಳಿರಲೇ ಇಲ್ಲ. ಆ ಆಫೀಸಿನಲ್ಲಿ ನನ್ನ ಬುತ್ತಿ ಹಂಚಿಕೊಂಡವರು, ನನ್ನ ಸಿಟ್ಟು ಸಹಿಸಿಕೊಂಡವರು ಅವರೊಬ್ಬರೇ.

ಮಾಡಬೇಕಾದದ್ದು ಏನೆಂದು ನನಗೆ ಗೊತ್ತಿತ್ತು. ವರ್ಚುಯಲ್ ಮೆಷಿನ್ನಿನ ಒಳಗೆ ಗೆಸ್ಟ್ ಟೂಲ್ಸ್ ಎಂಬ ಒಂದು ಸಣ್ಣ ತಂತ್ರಾಂಶ ಹಾಕಬೇಕು. ಅದು ಒಳಗಿನ ಯಂತ್ರಕ್ಕೂ ಹೊರಗಿನ ಯಂತ್ರಕ್ಕೂ ನಡುವೆ ಮಾತುಕತೆ ನಡೆಸುತ್ತದೆ: ತೆರೆ ಇಷ್ಟು ದೊಡ್ಡದಿದೆ, ಗಂಟೆ ಇಷ್ಟಾಗಿದೆ, ಮೌಸ್ ಹೊರಗೆ ಬಿಡು ಅಂತ. ಇದನ್ನು ಹೇಳಿದ ತಕ್ಷಣ ಬೋಪಯ್ಯ ಸಾರ್ ತೊಡೆ ತಟ್ಟಿದರು.

‘ಅರುವ ಅಂತ ಹೇಳು ಮತ್ತೆ! ನಮ್ಮಲ್ಲಿ ಮದುವೆಗೆ ಎರಡು ಮನೆ ಕಡೆಯಿಂದಲೂ ಅರುವ ನಿಂತು ಮಾತಾಡೋದಿಲ್ವಾ? ಅಳಿಯನಿಗೆ ಅರುವ ಇಲ್ಲದೇ ಮನೆ ತುಂಬಿಸಿದ್ದಿ ನೀನು. ಸರಿ ಹೋಗೋದು ಹೇಗೆ?’

ನನಗೆ ಅದಕ್ಕಿಂತ ಚೆನ್ನಾಗಿ ಹೇಳಲು ಇವತ್ತಿಗೂ ಆಗುವುದಿಲ್ಲ.

ಶನಿವಾರ ತೂಕ ಮುಗಿದ ಮೇಲೆ ಶುರು ಮಾಡಿದೆ. ಮಕ್ಕಳೇ, ಇಂಥ ಕೆಲಸಕ್ಕೆ ಕೈ ಹಾಕುವ ಮೊದಲು ಯಂತ್ರದ ಸ್ನ್ಯಾಪ್‌ಶಾಟ್ ತೆಗೆದಿಟ್ಟುಕೊಳ್ಳಿ. ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಬಹುದು. ತೆಗೆದೆ. ಮೆನು ಒತ್ತಿದೆ. ಗೆಸ್ಟ್ ಟೂಲ್ಸ್ ಸಿ.ಡಿ. ಹಾಕಿ ಎಂದು ತೆರೆಯ ಮೇಲೆ ಬಂತು. ಅದು ನಿಜವಾದ ಸಿ.ಡಿ. ಅಲ್ಲ, ಕಂಪ್ಯೂಟರಿನೊಳಗೇ ಇರುವ ಒಂದು ಫೈಲು, ಒತ್ತಿದರೆ ಸಾಕು. ನಾನು ಮೇಜಿನ ಕೆಳಗೆ ವೈರು ಸರಿಪಡಿಸಲು ಬಗ್ಗಿದ್ದೆ. ಏಳುವಷ್ಟರಲ್ಲಿ ಬೋಪಯ್ಯ ಸಾರ್ ಅದನ್ನು ಓದಿ ಹೊರಗೆ ಓಡಿದ್ದರು.

ಮಾದಾಪುರದಲ್ಲಿ ಏನು ಬೇಕಾದರೂ ಬಸ್ಸಿನವರ ಕೈಯಲ್ಲಿ ಬರುತ್ತದೆ. ಮಾತ್ರೆ, ಪಂಪಿನ ಬೆಲ್ಟು, ಮದುವೆ ಕಾಗದ, ಒಮ್ಮೆ ಒಂದು ನಾಯಿಮರಿ. ಸಾರ್ ರಸ್ತೆಗೆ ಹೋಗಿ ಕುಶಾಲನಗರದ ಬಸ್ಸು ನಿಲ್ಲಿಸಿ, ಡ್ರೈವರ್ ವಾಸುವಿಗೆ ಸಿ.ಡಿ. ತರಲು ಹೇಳಿ ಬಂದರು. ಬೇಡ ಸಾರ್, ಅದು ಒಳಗೇ ಇದೆ ಎಂದು ನಾನು ಹೇಳುವ ಹೊತ್ತಿಗೆ ಬಸ್ಸು ತಿರುವು ದಾಟಿತ್ತು. ವಾಸು ಮುಂದಿನ ಟ್ರಿಪ್ಪಿಗೆ ಬಂದವನೇ ಕಿಟಕಿಯಿಂದ ಒಂದು ಡಬ್ಬಿ ಚಾಚಿದ. ಡಬ್ಬಿಯ ಮೇಲೆ ಹೃದಯದ ಆಕಾರ, ಅದರೊಳಗೆ ಮದುಮಗ, ಮದುಮಗಳು.

‘ಅಂಗಡೀಲಿ ಎಲ್ಲೂ ಸಿ.ಡಿ. ಇಲ್ಲ ಸಾರೇ. ಮನೇಲಿ ಇದೊಂದೇ ಇದ್ದದ್ದು, ತಂಗಿ ಮದುವೇದು. ಕೆಲಸ ಆದ್ಮೇಲೆ ವಾಪಸ್ ಕೊಡ್ಬೇಕು, ಅವಳು ಕೇಳ್ತಾಳೆ.’

ಸಾರ್ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇದರೊಳಗೆ ಲಿನಕ್ಸ್ ಉಂಟಾ?’ ಎಂದು ಗಂಭೀರವಾಗಿ ಕೇಳಿದರು. ಸೀತಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅವರು ನಕ್ಕಿದ್ದು ನೋಡಿ ನನಗೆ ಅರ್ಧ ಜೀವ ಬಂತು.

ಇನ್ನರ್ಧ ಅಷ್ಟು ಸುಲಭಕ್ಕೆ ಬರಲಿಲ್ಲ. ಕಂಪ್ಯೂಟರಿನೊಳಗಿನ ಸಿ.ಡಿ. ಓಡಿಸಿದೆ. ನಾಲ್ಕು ಸಾಲು ಓಡಿ ನಿಂತಿತು. ಲಿನಕ್ಸಿನ ತಿರುಳಾದ ಕರ್ನಲ್ ಜೊತೆ ಸೇರಿಕೊಳ್ಳಲು ಈ ತಂತ್ರಾಂಶ ತನ್ನನ್ನು ತಾನೇ ಅಲ್ಲೇ ಕಟ್ಟಿಕೊಳ್ಳಬೇಕು. ಅದಕ್ಕೆ ಕಟ್ಟುವ ಉಪಕರಣವಾದ ಕಂಪೈಲರ್ ಬೇಕು, ಆ ಕರ್ನಲ್‌ನ ಅಳತೆ ಹೇಳುವ ಹೆಡರ್ ಫೈಲುಗಳು ಬೇಕು. ಎರಡೂ ಇಲ್ಲ, ಇಂಟರ್ನೆಟ್ಟಿನಿಂದ ತರಿಸು ಎಂದಿತು. ಇಂಟರ್ನೆಟ್ ಎಲ್ಲಿಂದ ತರಲಿ? ಪಕ್ಕದ ಎಸ್ಟೇಟಿನವರು ಮರ ಕಡಿಸುವಾಗ ಕೊಂಬೆ ಬಿದ್ದು ಕೇಬಲ್ ತುಂಡಾಗಿ ಆ ವಾರವೆಲ್ಲ ನಮಗೆ ಸಂಪರ್ಕವೇ ಇರಲಿಲ್ಲ. ಮೊಬೈಲ್ ಸಿಗ್ನಲ್ ಸಿಗುವುದು ಕಾಫಿ ಒಣಗಿಸುವ ಕಣದ ತುದಿಯಲ್ಲಿ, ಸಿಲ್ವರ್ ಮರದ ಬುಡದಲ್ಲಿ ಮಾತ್ರ.

‘ಹಾಗಾದ್ರೆ ಕಂಪ್ಯೂಟರ್ ಅಲ್ಲಿಗೇ ಹೋಗ್ಲಿ’ ಎಂದರು ಬೋಪಯ್ಯ ಸಾರ್.

ಭಾನುವಾರ ಬೆಳಿಗ್ಗೆ ನಮ್ಮ ಮೆರವಣಿಗೆ ಹೊರಟಿತು. ಸಾರ್ ತಲೆಯ ಮೇಲೆ ಮಾನಿಟರು, ನನ್ನ ಕಂಕುಳಲ್ಲಿ ಕಂಪ್ಯೂಟರು, ಸೀತಕ್ಕನ ಕೈಯಲ್ಲಿ ಕೀಬೋರ್ಡು, ಮೌಸು. ಆಫೀಸಿನಿಂದ ಮರದವರೆಗೆ ಊರಿನ ವೈರುಗಳನ್ನೆಲ್ಲ ಒಂದಕ್ಕೊಂದು ಜೋಡಿಸಿ ಎಳೆದೆವು. ಕಾಫಿ ಕೆದಕುತ್ತಿದ್ದ ಹೆಂಗಸರು ಕೆಲಸ ಬಿಟ್ಟು ಸುತ್ತ ನಿಂತರು. ಬಿಸಿಲಿಗೆ ತೆರೆ ಕಾಣುವುದಿಲ್ಲವೆಂದು ಸಾರ್ ದೊಡ್ಡ ಕೊಡೆ ಬಿಚ್ಚಿ ಹಿಡಿದರು. ಅವರ ಮೊಬೈಲನ್ನು ಕಾಳುಮೆಣಸು ಕೊಯ್ಯುವ ಏಣಿಯ ತುದಿಗೆ ಕಟ್ಟಿ ಮರಕ್ಕೆ ಒರಗಿಸಿದೆವು. ಅದರ ಇಂಟರ್ನೆಟ್ಟನ್ನು ಕಂಪ್ಯೂಟರಿಗೆ ಹಿಡಿಸಿದೆ. ಬಂತು! ಹನಿಹನಿಯಾಗಿ, ಆದರೆ ಬಂತು!

ಕಂಪೈಲರ್ ಇಳಿಯಿತು. ಹೆಡರ್ ಇಳಿಯಿತು. ಓಡಿಸಿದೆ. ಮತ್ತೆ ತೆರೆಯ ತುಂಬ ಬೈಗುಳ. ಅವಸರದಲ್ಲಿ ನಾನು ಎಲ್ಲಕ್ಕಿಂತ ಹೊಸ ಹೆಡರ್ ಇಳಿಸಿದ್ದೆ. ಅಳಿಯನ ಕರ್ನಲ್ಲೋ ಹಳೆಯದು. ಬೇರೆಯವರ ಅಳತೆಯ ಬ್ಲೌಸು ತಂದು ನಮಗೆ ತೊಡಿಸಿದರೆ ಹಿಡಿಯುತ್ತದೆಯೇ? ಯುನೇಮ್ ಎಂಬ ಆಜ್ಞೆ ಕೊಟ್ಟು ಓಡುತ್ತಿರುವ ಕರ್ನಲ್‌ನ ನಂಬರು ನೋಡಿ, ಅದೇ ನಂಬರಿನ ಹೆಡರ್ ತರಿಸಬೇಕು. ಇದನ್ನು ಅಂಗೈಯಲ್ಲಿ ಬರೆದುಕೊಳ್ಳಿ.

ಸರಿಯಾದದ್ದು ಇಳಿಯುತ್ತಿರುವಾಗ ಏಣಿಯ ತುದಿಯಲ್ಲಿ ಫೋನು ಹೊಡೆದುಕೊಂಡಿತು. ಡೌನ್‌ಲೋಡ್ ಗಕ್ಕನೆ ನಿಂತಿತು. ಸಾರ್ ಕೊಡೆ ನನ್ನ ಕೈಗೆ ತುರುಕಿ ಏಣಿ ಹತ್ತಿದರು. ಅತ್ತಲಿಂದ ಅವರ ಹೆಂಡತಿ, ಊಟಕ್ಕೆ ಬರ್ತೀರಾ ಇಲ್ವಾ ಅಂತ.

‘ಫೋನ್ ಇಡು, ಫೋನ್ ಇಡು! ಇಲ್ಲಿ ಅರುವ ಬರ್ತಾ ಉಂಟು!’ ಎಂದು ಕೂಗಿ ಕತ್ತರಿಸಿದರು.

ಡೌನ್‌ಲೋಡ್ ಮತ್ತೆ ಮೊದಲಿಂದ. ಅದು ಮುಗಿಯುವ ಹೊತ್ತಿಗೆ ಅವರ ಮನೆಯಿಂದ ಜೀಪು ಬಂತು. ದೊಡ್ಡ ಪಾತ್ರೆ ತುಂಬ ಹಂದಿ ಮಾಂಸದ ಪಂದಿ ಕರಿ, ಇನ್ನೊಂದರಲ್ಲಿ ಅಕ್ಕಿ ತರಿಯ ಉಂಡೆ ಕಡಂಬುಟ್ಟು. ಯಾರದೋ ಮನೆಯ ಅರುವ ಆಫೀಸಿಗೇ ಬರುತ್ತಿದ್ದಾರೆಂದು ಆ ಪುಣ್ಯಾತಗಿತ್ತಿ ಬಿಸಿಬಿಸಿ ಅಡುಗೆ ಮಾಡಿ ಕಳಿಸಿದ್ದರು! ಸಾರ್ ಏಣಿಯ ಕಾಲು ಹಿಡಿದುಕೊಂಡು ನಕ್ಕರು. ಕಾಫಿ ಕೆದಕುವ ಹೆಂಗಸರು, ನಾನು, ಸೀತಕ್ಕ ಎಲ್ಲರೂ ಕಣದಲ್ಲೇ ಕೂತು ಬಾರಿಸಿದೆವು. ಬಾಯಲ್ಲಿ ಕಡಂಬುಟ್ಟು ಇಟ್ಟುಕೊಂಡೇ ನಾನು ಮತ್ತೆ ಎಂಟರ್ ಒತ್ತಿದೆ.

ಸಾಲುಗಳು ಓಡಿದವು, ಓಡಿದವು, ನಿಲ್ಲಲೇ ಇಲ್ಲ. ಮುಗಿಯಿತು ಎಂದು ಬಂತು. ಅಳಿಯನನ್ನು ಒಮ್ಮೆ ಪೂರ್ತಿ ಆಫ್ ಮಾಡಿ ಎಬ್ಬಿಸಿದೆ. ಮೊದಲು ಕಪ್ಪು, ಆಮೇಲೆ ಅದೇ ಅಂಚೆ ಕಾರ್ಡು, ಆಮೇಲೆ ನೋಡಿ, ಕಿಟಕಿ ಅಂಚಿನಿಂದ ಅಂಚಿಗೆ ಬಾಗಿಲು ತೆರೆದ ಹಾಗೆ ಹರಡಿಕೊಂಡಿತು! ಮೌಸು ಒಳಗೆ ಹೋಯಿತು, ಹೊರಗೆ ಬಂತು, ಮತ್ತೆ ಹೋಯಿತು. ನಾನು ಕಾಫಿಯ ಮೇಲೆಯೇ ಕುಣಿದೆ. ಮಿತಿ ಮೀರಿದ ಖುಷಿಯಲ್ಲಿ ಅಂಕಿಗಳನ್ನು ದೊಡ್ಡದು ಮಾಡಿದೆ, ಇನ್ನೂ ದೊಡ್ಡದು ಮಾಡಿದೆ, ಕುಂಬಳಕಾಯಿಯಷ್ಟು ಮಾಡಿದೆ. ಸೀತಕ್ಕ ಕಣದ ಆ ತುದಿಗೆ ಹೋಗಿ ನಿಂತು ಅಲ್ಲಿಂದಲೇ ಓದಿ ತೋರಿಸಿದರು.

ಸೋಮವಾರ ಮೂರ್ತಿ ಸಾಹೇಬರು ಬಂದರು. ಸಾಲು ಓಡುತ್ತಿತ್ತು ಅನ್ನುವುದಕ್ಕಿಂತ ಹಾರುತ್ತಿತ್ತು. ಮೂಟೆ ಇಡು, ಕೂಗು, ಚೀಟಿ, ಮುಂದೆ! ಸೀತಕ್ಕನ ಗಂಟಲು ಅವತ್ತು ಮೊದಲಿಗಿಂತ ಒಂದು ಕೈ ಹೆಚ್ಚೇ ಇತ್ತು. ಸಾಹೇಬರು ಕಿಟಕಿಯ ಹೊರಗೆ ನಿಂತು ತೆರೆ ನೋಡಿದರು. ಹೊರಗಿನಿಂದಲೂ ಅಂಕಿ ಚೆನ್ನಾಗಿ ಕಾಣುತ್ತಿತ್ತು. ಅವರ ಮುಖ ಅರಳಿತು.

‘ಶಭಾಷ್ ಗಿರಿಜಮ್ಮ! ಇನ್ನೇನು, ಬೆಳೆಗಾರರೇ ನೋಡ್ಕೋಬಹುದು. ಕೂಗೋದಕ್ಕೆ ಅಂತ ಒಬ್ಬರು ಯಾಕೆ ಬೇಕು? ಬಟನ್ ಒತ್ತೋದಕ್ಕೆ ಯಾರಾದ್ರೂ ಸಾಕು. ಸೀತಮ್ಮನವರನ್ನ ಶೆಡ್ಡಿಗೇ ಕಳಿಸಿ.’

ಕಣ್ಣಿಗೆ ಕಾಣಲಿ ಎಂದು ಮಾಡಿದ್ದೇ ಕುತ್ತಿಗೆಗೆ ಬಂತಲ್ಲ, ಯಾರು ಹೇಳಿದ್ದರು ಕುಂಬಳಕಾಯಿಯಷ್ಟು ಮಾಡೆಂದು ಎಂದು ನನ್ನನ್ನೇ ಬೈದುಕೊಂಡೆ. ಸೀತಕ್ಕ ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟು, ಕುರ್ಚಿ ಹಿಂದೆ ಸರಿಸಿ ಎದ್ದು ನಿಂತರು. ಸಾಹೇಬರೇ ಒಳಗೆ ಬಂದು ಆ ಕುರ್ಚಿಯಲ್ಲಿ ಕೂತರು, ಎಷ್ಟು ಸುಲಭವೆಂದು ತೋರಿಸಲು.

ಹಲಗೆಯ ಮೇಲೆ ಉತ್ತಪ್ಪನವರ ಮೂಟೆ ಇತ್ತು. ನಮ್ಮಲ್ಲಿಗೆ ಮೊದಲಿನಿಂದಲೂ ಕಾಫಿ ತರುವ ಬೆಳೆಗಾರರು ಅವರು. ಸಾಹೇಬರು ಬಟನ್ ಒತ್ತಿ ಚೀಟಿ ಚಾಚಿದರು. ಉತ್ತಪ್ಪ ಕೈ ಕಟ್ಟಿಕೊಂಡು ನಿಂತರು.

‘ತಗೊಳ್ಳಿ.’

‘ತೂಕ ಎಷ್ಟು?’

‘ಅಲ್ಲೇ ಇದೆಯಲ್ಲ, ಇಷ್ಟು ದೊಡ್ಡದಾಗಿ. ನೋಡಿ.’

‘ನೋಡಿದೆ. ಕೂಗ್ಲಿ.’

‘ನೋಡಿದ ಮೇಲೆ ಕೂಗೋದು ಯಾಕ್ರೀ?’

‘ನಾ ನೋಡಿದ್ರೆ ನಂಗೆ ಮಾತ್ರ ಗೊತ್ತು. ಅಕ್ಕ ಕೂಗಿದ್ರೆ ಆ ಕೊನೇ ಜೀಪಿನವನಿಗೂ ಗೊತ್ತು. ನಾಳೆ ನಾನೂ ನೀವೂ ಜಗಳ ಆಡಿದ್ರೆ ಸಾಕ್ಷಿ ಯಾರು, ಈ ಟೀವಿಯಾ?’ ಎಂದವರೇ ತಮ್ಮ ಮೂಟೆಯ ಮೇಲೆಯೇ ಕೂತುಬಿಟ್ಟರು.

ಸಾಲು ನಿಂತಿತು. ಹಿಂದೆ ಹಾರ್ನ್ ಶುರುವಾಯಿತು. ಸಾಹೇಬರು ಮುಖ ಕೆಂಪಗೆ ಮಾಡಿಕೊಂಡು, ತಾವೇ ಕಿಟಕಿಯಿಂದ ತಲೆ ಹೊರಗೆ ಹಾಕಿ, ‘ಐವತ್ತು’ ಎಂದರು. ಉತ್ತಪ್ಪ ಮೂಟೆಯ ಮೇಲೆ ಕೂತಿದ್ದನ್ನು ಲೆಕ್ಕಕ್ಕೆ ಹಿಡಿಯದೆ ಮೊದಲಿನ ತೂಕವನ್ನೇ ಹೇಳಿದ್ದರು. ತೆರೆಯ ಅಂಕಿಯಲ್ಲಿ ಈಗ ಉತ್ತಪ್ಪನವರ ತೂಕವೂ ಸೇರಿತ್ತು. ಸಾಲಿನ ಮುಂದಿದ್ದವರು ಗೊಳ್ಳೆಂದರು. ಹಿಂದಿನಿಂದ ಯಾರೋ ಮಲಯಾಳದಲ್ಲಿ ‘ಎತ್ರ? ಎತ್ರ?’ ಎಂದು ತೂಕ ಕೇಳಿದರು. ಇನ್ನೊಬ್ಬರು ತಮಿಳಿನಲ್ಲಿ, ಮತ್ತೊಬ್ಬರು ತುಳುವಿನಲ್ಲಿ. ಸಾಹೇಬರು ಮತ್ತೊಮ್ಮೆ ಕೂಗಿದರು, ಗಂಟಲು ಸೀಳಿ ಕೆಮ್ಮು ಹತ್ತಿತು. ಸೀತಕ್ಕನೇ ನೀರಿನ ಲೋಟ ಕೊಟ್ಟರು.

ನೀರು ಕುಡಿದು ಸಾಹೇಬರು ಹೊರಗೆ ಬಂದರು. ಬೋಪಯ್ಯ ಸಾರ್ ಉತ್ತಪ್ಪನವರನ್ನು ಎಬ್ಬಿಸಿ, ಮೂಟೆ ಇಳಿಸಿ, ಬಹಳ ವಿನಯದಿಂದ ಹೇಳಿದರು: ‘ಇಷ್ಟು ಗಲಾಟೆ ಆಯ್ತು ಸಾರ್. ತಕ್ಕಡಿ ಸರಿ ಉಂಟಾ ಅಂತ ತಾವೇ ಒಮ್ಮೆ ನಿಂತು ನೋಡಿದ್ರೆ ಜನಕ್ಕೂ ಸಮಾಧಾನ.’

ಸಾಹೇಬರು ಹಿಂದೆಮುಂದೆ ನೋಡದೆ ಹಲಗೆ ಹತ್ತಿದರು. ಕುರ್ಚಿ ಖಾಲಿ ಇತ್ತು. ಸೀತಕ್ಕ ಕೂತರು, ಕನ್ನಡಕ ಹಾಕಿಕೊಂಡರು, ತೆರೆ ನೋಡಿದರು, ಎದೆ ತುಂಬ ಉಸಿರು ಎಳೆದುಕೊಂಡರು. ನನಗೆ ಗೊತ್ತಾಯಿತು. ಬೇಡ ಸೀತಕ್ಕ ಎನ್ನುವಷ್ಟರಲ್ಲಿ,

‘ನೂ...ರು!’

ಕನ್ನಡಕ್ಕೂ ಕೊಡವ ಭಾಷೆಗೂ ಮಲಯಾಳಕ್ಕೂ ತಮಿಳಿಗೂ ಆ ಅಂಕಿ ಹೆಚ್ಚುಕಡಿಮೆ ಒಂದೇ. ಯಾರಿಗೂ ಬೇರೆ ಹೇಳಬೇಕಾಗಲಿಲ್ಲ. ಕೊನೆಯ ಜೀಪಿನವರೆಗೂ ನಗೆ ಅಲೆಯಾಗಿ ಹೋಯಿತು. ಉತ್ತಪ್ಪನವರು ಚಪ್ಪಾಳೆ ತಟ್ಟಿದರು. ಸಾಹೇಬರು ಹೊಟ್ಟೆ ಒಳಗೆಳೆದುಕೊಂಡು ಹಲಗೆಯ ಮೇಲೆಯೇ ನಿಂತಿದ್ದರು, ಸಿಟ್ಟು ಮಾಡುವರೋ ಏನೋ ಎಂದು ನಾನು ಮೇಜಿನ ಹಿಂದೆ ಸರಿದೆ. ಆಮೇಲೆ ಅವರ ಭುಜ ಕುಲುಕತೊಡಗಿತು. ನಗುತ್ತಿದ್ದರು.

‘ಸ್ವಲ್ಪ ಮೆಲ್ಲಗೆ ಹೇಳಬಹುದಿತ್ತು ಸೀತಮ್ಮನವರೇ’ ಎಂದರು, ಕಣ್ಣೊರೆಸಿಕೊಳ್ಳುತ್ತ.

‘ಮೆಲ್ಲಗೆ ಹೇಳೋಕೆ ಬೇರೆ ಯಾರನ್ನಾದ್ರೂ ಇಡಿ ಸಾರ್.’

‘ಬೇರೆ ಯಾರೂ ಬೇಡ’ ಎಂದು ಸಾಹೇಬರು ಹಲಗೆಯಿಂದ ಕೆಳಗಿಳಿದರು. ‘ನೀವೇ ಇರಿ.’